ಮಕ್ಕಳ ಕಥೆ ಪುಸ್ತಕ ಕೊಳ್ಳುವ ಮುಂಚೆ ಹೀಗೊಮ್ಮೆ ಓದಿ ನೋಡಿ

ಅವೆನ್ಯೂ ರೋಡಿನಲ್ಲೋ ಗಾಂಧಿ ಬಜಾರಿನಲ್ಲೋ ಮಕ್ಕಳ ಕಥೆ ಪುಸ್ತಕ ಕೊಳ್ಳುವಾಗ, ಮುದ್ದು ದನಿ ಮಾಡದೆ ನಿಮ್ಮ ಮಾಮೂಲಿ ದನಿಯಲ್ಲೇ ಒಂದು ಪುಟ ಮೆಲ್ಲಗೆ ಓದಿಕೊಳ್ಳಿ. ಮುಜುಗರವಾದರೆ ವಾಪಸ್ ಇಟ್ಟುಬಿಡಿ. ಎಲ್ಲಾದರೂ ಮನಸ್ಸು ತಡೆದು ನಿಂತರೆ ತೆಗೆದುಕೊಳ್ಳಿ. ಟೊಳ್ಳು ಕಥೆಯನ್ನು ನಡೆಸುವುದು ಓದುವವರ ನಟನೆ. ಗಟ್ಟಿ ಕಥೆಯಲ್ಲಿ ನಮಗೂ ಇರುವ ಭಯವೋ ಆಸೆಯೋ ಇರುತ್ತದೆ. ಪುಣ್ಯಕೋಟಿಯನ್ನೇ ನೋಡಿ. ಮಗುವಿಗೆ ಅದು ಹಸು, ಹುಲಿಯ ಕಥೆ. ಆದರೆ ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸುವ ಜಾಗ ಬಂದಾಗ, ಮಗುವನ್ನು ಡೇಕೇರ್‌ನಲ್ಲಿ ಬಿಟ್ಟು ಆಫೀಸಿಗೆ ಓಡುವ ಅಮ್ಮನಿಗೆ ಗಂಟಲು ಕಟ್ಟುತ್ತದೆ. ಹುಲಿಯೂ ಸುಮ್ನೆ ಕೆಟ್ಟದ್ದಲ್ಲ, ಕೊನೆಗೆ ತನ್ನ ಪ್ರಾಣವನ್ನೇ ಬಿಡುತ್ತದೆ. ಸಾವನ್ನು ಮಕ್ಕಳಿಂದ ಬಚ್ಚಿಟ್ಟಿಲ್ಲ, ಅಲ್ವಾ? (ಹುಲಿಯನ್ನು ಉಳಿಸಿ ಕಥೆ ಮುಗಿಸುವ ಪುಸ್ತಕವನ್ನು ನಾನಂತೂ ಕೊಳ್ಳುವುದಿಲ್ಲ.) ಎರಡು ಮೂರು ವರ್ಷದ ಮಕ್ಕಳ ಪುಸ್ತಕಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಪ್ರಾಸ, ಸದ್ದು, ಚಿತ್ರಗಳದ್ದೇ ಜಾಸ್ತಿ ಕೆಲಸ. ಹಾಗೆಯೇ, ಕಣ್ಣೀರು ಬಂದ ಮಾತ್ರಕ್ಕೆ ಕಥೆ ಒಳ್ಳೆಯದು ಅಂತಲೂ ಅಲ್ಲ. ತಮಾಷೆ ಕಥೆಯಾದರೆ ನಿಮಗೂ ನಗು ಬಂತಾ ಎಂದಷ್ಟೇ ನೋಡಿಕೊಳ್ಳಿ.