ನೆಲ ಬಿಡಿ, ನಡಿಗೆ ಬಿಡಬೇಡಿ: ಕೀಲುನೋವಿನ ಜೊತೆ ದಿನ ಸಾಗಿಸುವ ಬಗೆ

ನಮ್ಮ ಭಾಗದಲ್ಲಿ ಮನೆಯವರ ಅರ್ಧ ಆಯುಷ್ಯ ನೆಲದ ಮೇಲೆಯೇ ಕಳೆಯುತ್ತದೆ. ರೊಟ್ಟಿ ಬಡಿಯಲು ನೆಲ, ಕಾಳು ಹಸನು ಮಾಡಲು ನೆಲ, ಊಟಕ್ಕೆ, ಪೂಜೆಗೆ, ಹರಟೆಗೆ, ನಿದ್ದೆಗೆ ನೆಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ತೊಟ್ಟು ಬಿಡಿಸಲು ಕುಳಿತ ಹೆಂಗಸರು ಗಂಟೆಗಟ್ಟಲೆ ಏಳುವುದಿಲ್ಲ. ಐವತ್ತು ದಾಟುತ್ತಲೇ ಮೊಣಕಾಲು ತಕರಾರು ತೆಗೆಯುತ್ತದೆ. ಆಗ ಬಹಳಷ್ಟು ಮನೆಗಳಲ್ಲಿ ‘ವಿಶ್ರಾಂತಿ ತಗೊಳ್ಳಿ’ ಎಂದು ಹೇಳಿ ವಾಕಿಂಗ್ ನಿಲ್ಲಿಸುತ್ತಾರೆ. ನೆಲಕ್ಕೆ ಕೂರುವುದು ಮಾತ್ರ ಮೊದಲಿನಂತೆಯೇ ನಡೆದಿರುತ್ತದೆ. ಮಾಡಬೇಕಾದದ್ದು ಇದರ ಉಲ್ಟಾ. ಸವೆದ ಕೀಲು ಓಡಾಟವನ್ನು ತಾಳಿಕೊಳ್ಳುತ್ತದೆ. ಪೂರ್ತಿ ಮಡಚಿಕೊಂಡು ಕುಳಿತು, ಅಲ್ಲಿಂದ ಮೈಭಾರವನ್ನೆಲ್ಲ ಎತ್ತುವುದನ್ನು ತಾಳುವುದಿಲ್ಲ.

ಯಾವ ನೋವು ಎಂದು ಮೊದಲು ತಿಳಿಯಿರಿ

ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುವ ಸವೆತದ ನೋವಿನಲ್ಲಿ ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಸಂಜೆ ಹೊತ್ತಿಗೆ, ಮೆಟ್ಟಿಲು ಹತ್ತಿಳಿಯುವಾಗ ನೋವು ಏರುತ್ತದೆ. ಎರಡೂ ಕೈಗಳ ಬೆರಳಿನ ಗೆಣ್ಣು, ಮಣಿಕಟ್ಟು ಊದಿಕೊಂಡು ಬಿಗಿತ ಒಂದು ತಾಸಿಗೂ ಹೆಚ್ಚು ಉಳಿದರೆ ರುಮಟಾಯ್ಡ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ಕೀಲುವಾತ, ಇರಬಹುದು. ಅದಕ್ಕೆ ಎಣ್ಣೆ ತಿಕ್ಕುತ್ತ ಕಾಲ ಕಳೆಯಬಾರದು. ಬೇಗ ಔಷಧಿ ಶುರುವಾದಷ್ಟೂ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಸಂದು ಕೆಂಪಾಗಿ, ಹೊದಿಕೆ ತಗುಲಿದರೂ ಜೀವ ಹೋಗುವಂತಾದರೆ ಯೂರಿಕ್ ಆಸಿಡ್ಡಿನ ಗೌಟ್ ಇರಬಹುದು. 2006ರಲ್ಲಿ ರಾಜ್ಯದಲ್ಲಿ ಹಬ್ಬಿದ ಚಿಕುನ್‌ಗುನ್ಯಾವನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಆ ಜ್ವರ ಇಳಿದ ಮೇಲೂ ಸಂದುನೋವು ತಿಂಗಳುಗಟ್ಟಲೆ ಕಾಡುತ್ತದೆ. ಕೀಲು ಬಿಸಿಯಾಗಿ ಊದಿ, ಜೊತೆಗೆ ಜ್ವರವೂ ಬಂದರೆ ಮಾತ್ರ ಕಾಯಬೇಡಿ. ಕೀಲಿನೊಳಗೆ ಕೀವು ಸೇರಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಮುಂದಿನ ಮಾತು ಹೆಚ್ಚಾಗಿ ಸವೆತದ ನೋವಿನದು.

ಬದಲಾವಣೆ ಅಡುಗೆಮನೆಯಿಂದ ಶುರುವಾಗಲಿ

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಕುದಿನೀರು ಹಾಕಿ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಈ ಒತ್ತುವಿಕೆಯೆಲ್ಲ ಬೀಳುವುದು ಮಣಿಕಟ್ಟಿಗೆ ಮತ್ತು ಹೆಬ್ಬೆರಳ ಬುಡಕ್ಕೆ. ಕುದಿನೀರು ಬೆರೆಸಿದ ಹಿಟ್ಟನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ಆಮೇಲೆ ನಾದಿ; ನೀರು ಹೀರಿಕೊಂಡ ಹಿಟ್ಟು ಅಷ್ಟು ಬಲ ಕೇಳುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ನಾದದೆ ಎರಡು ಮೂರು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ. ಬಡಿಯುವ ಜಾಗವನ್ನು ನೆಲದಿಂದ ಕಟ್ಟೆಗೆ ಏರಿಸಿ. ನಿಂತಾಗ ಕೈ ಮೊಣಕೈಗಿಂತ ತುಸು ಕೆಳಗೆ ಬರುವಷ್ಟು ಎತ್ತರ ಸಾಕು. ಎತ್ತರದ ಸ್ಟೂಲ್ ಇದ್ದರೆ ಕುಳಿತೇ ಬಡಿಯಬಹುದು. ಬೆರಳ ತುದಿಯ ಬದಲು ಇಡೀ ಅಂಗೈ ಬಳಸಿ. ಖಡಕ್ ರೊಟ್ಟಿ ಹಲವು ದಿನ ಕೆಡದೆ ಉಳಿಯುತ್ತದೆ, ಆದ್ದರಿಂದ ಕೈ ಹಗುರಾಗಿರುವ ದಿನ ನಾಲ್ಕು ಹೆಚ್ಚು ಮಾಡಿಟ್ಟುಕೊಳ್ಳಿ. ಕೈ ಮಾತು ಕೇಳದ ದಿನ ಹುಬ್ಬಳ್ಳಿ, ಧಾರವಾಡದ ಬಡಾವಣೆಗಳಲ್ಲಿ ರೊಟ್ಟಿ ಮಾರುವ ಹೆಣ್ಣುಮಕ್ಕಳು ಸಿಗುತ್ತಾರೆ. ಕೊಂಡು ತಂದರೆ ಅತ್ತೆಯ ಮರ್ಯಾದೆಯೇನೂ ಹೋಗುವುದಿಲ್ಲ.

ಬಟ್ಟೆ ಹಿಂಡುವಾಗ ನಲ್ಲಿಯ ಕೊರಳಿಗೆ ಸುತ್ತು ಹಾಕಿ, ಎರಡೂ ತುದಿ ಸೇರಿಸಿ ಹಿಡಿದು ತಿರುಗಿಸಿ. ಬೆರಳಿಗೆ ಬೀಳುವ ಭಾರ ತೋಳಿಗೆ ಹೋಗುತ್ತದೆ. ನೀರಿನ ಕೊಡವನ್ನು ಅರ್ಧವೇ ತುಂಬಿ, ಎರಡು ಸಲ ಒಯ್ಯಿರಿ. ಸೌಟು, ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಮುಷ್ಟಿ ಅಷ್ಟು ಬಿಗಿ ಹಿಡಿಯಬೇಕಾಗಿಲ್ಲ.

ಕುರ್ಚಿ, ಮಂಚ, ಶೌಚ

ಕುರ್ಚಿಯಲ್ಲಿ ಕುಳಿತಾಗ ಮೊಣಕಾಲು ಸೊಂಟಕ್ಕಿಂತ ತುಸು ಕೆಳಗಿರಲಿ, ಕುರ್ಚಿಗೆ ಕೈಗಳಿರಲಿ. ತಗ್ಗಿದ ಸೋಫಾ ನೆಲಕ್ಕಿಂತ ಬಹಳ ಮೇಲೇನೂ ಅಲ್ಲ. ಭಾರತೀಯ ಶೈಲಿಯ ಶೌಚಾಲಯವನ್ನು ಒಡೆಯಬೇಕಾಗಿಲ್ಲ. ನಡುವೆ ತೂತಿರುವ ಕಮೋಡ್ ಕುರ್ಚಿ ಔಷಧಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಮೇಲಿಟ್ಟರಾಯಿತು. ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಿ. ಒದ್ದೆ ನೆಲದಲ್ಲಿ ಬಿದ್ದು ಸೊಂಟ ಮುರಿಯುವುದು ಕೀಲುನೋವಿಗಿಂತ ದೊಡ್ಡ ಕಷ್ಟ. ಮಠದಲ್ಲಿ, ಪ್ರವಚನದಲ್ಲಿ ಕುರ್ಚಿ ಕೇಳಲು ಸಂಕೋಚಪಡುವ ಹಿರಿಯರಿಗೆ ಮಕ್ಕಳೇ ಮೊದಲು ಕುರ್ಚಿ ಹಾಕಿಕೊಡಬೇಕು.

ತೊಡೆಗೆ ಬಲ ಬಂದರೆ ಮೊಣಕಾಲಿಗೆ ಭಾರ ಇಳಿಯುತ್ತದೆ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೊಣಕಾಲನ್ನು ಹಿಡಿದಿಡುವುದು ತೊಡೆಯ ಮುಂಭಾಗದ ಸ್ನಾಯು. ನೋವೆಂದು ನಡೆಯದಿದ್ದರೆ ಮೊದಲು ಕರಗುವುದೂ ಅದೇ.

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಟವೆಲ್ ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಡಿ. ಅದನ್ನು ಕೆಳಕ್ಕೆ ಒತ್ತಿ, ತೊಡೆ ಗಟ್ಟಿಯಾಗಿಸಿ, ಐದು ಎಣಿಸಿ ಬಿಡಿ. ಎರಡೂ ಕಾಲಿಗೆ ಹತ್ತು ಹತ್ತು ಸಲ. ಆಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣಿನಷ್ಟು ಎತ್ತಿ, ಐದು ಎಣಿಸಿ ನಿಧಾನ ಇಳಿಸಿ. ಒಂದೆರಡು ವಾರ ಕಳೆದ ಮೇಲೆ ಮೂರನೆಯದು: ಎತ್ತರದ ಕುರ್ಚಿಯಿಂದ, ಆದಷ್ಟು ಕೈ ಊರದೆ, ಎದ್ದು ನಿಂತು ಮೆಲ್ಲಗೆ ಕುಳಿತುಕೊಳ್ಳುವುದು. ಧೊಪ್ಪನೆ ಕುಳಿತರೆ ಲೆಕ್ಕಕ್ಕಿಲ್ಲ.

ಎಷ್ಟು ಮಾಡಬೇಕು ಎಂಬುದಕ್ಕೆ ಸರಳ ಅಳತೆಯಿದೆ. ವ್ಯಾಯಾಮದ ನಂತರ ಹೆಚ್ಚಾದ ನೋವು ಎರಡು ತಾಸು ಕಳೆದರೂ ಇಳಿಯದಿದ್ದರೆ ನಾಳೆ ಕಡಿಮೆ ಮಾಡಿ. ಆದರೆ ಪೂರ್ತಿ ನಿಲ್ಲಿಸಬೇಡಿ.

ನಡಿಗೆಗೆ ಸಮತಟ್ಟು ಜಾಗ ಆರಿಸಿ. ಉಣಕಲ್ ಕೆರೆ, ಕೆಲಗೇರಿ ಕೆರೆಯ ದಂಡೆ ಆಗಬಹುದು. ನೃಪತುಂಗ ಬೆಟ್ಟದ ಏರು ಬೇಡ. ಅರ್ಧ ಗಂಟೆ ಒಂದೇ ಸಮ ಆಗದಿದ್ದರೆ ಹತ್ತು ನಿಮಿಷದಂತೆ ಮೂರು ಸಲ ನಡೆಯಿರಿ. ಕೋಲು ಹಿಡಿಯುವವರಲ್ಲಿ ಹೆಚ್ಚಿನವರು ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಅದರ ಹಿಡಿ ಇಳಿಬಿಟ್ಟ ಕೈಯ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವವರು ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸನ್ನೇ ಹಿಡಿಯಿರಿ. ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಮೆಟ್ಟಿಲಿನ ಗೋಳಿಲ್ಲ.

ಶಾಖ, ಮುಲಾಮು, ಮಾತ್ರೆ

ಬಿಗಿತಕ್ಕೆ ಬಿಸಿ, ಊತಕ್ಕೆ ತಂಪು. ಯಾವುದಾದರೂ ಹದಿನೈದು ಇಪ್ಪತ್ತು ನಿಮಿಷ ಸಾಕು, ನಡುವೆ ಬಟ್ಟೆ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಶಾಖದ ವಿಷಯದಲ್ಲಿ ಹುಷಾರಾಗಿರಬೇಕು. ಎಣ್ಣೆ ತಿಕ್ಕುವುದು ಹಿತ ಕೊಡುತ್ತದೆ, ಸವೆದದ್ದನ್ನು ತುಂಬಿಕೊಡುವುದಿಲ್ಲ.

ಮೊಣಕಾಲು, ಬೆರಳಿನ ನೋವಿಗೆ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಮುಲಾಮನ್ನು ಮೊದಲು ಬಳಸಿ ನೋಡಬಹುದು. ಅದೇ ಔಷಧಿಯ ಮಾತ್ರೆ ಹೊಟ್ಟೆಹುಣ್ಣು ತರಬಹುದು, ಬಿಪಿ ಏರಿಸಬಹುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಂಗಡಿಯಲ್ಲಿ ಕೇಳಿ ತಂದು ತಿನ್ನುವ ಚಟ ಬಿಡಲೇಬೇಕು. ಇನ್ನು ಹೆಸರು, ಚೀಟಿ ಏನೂ ಇಲ್ಲದ ‘ವಾಯು ಪುಡಿ’ಗಳು. ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ರುಮಟಾಯ್ಡ್ ಇದ್ದವರಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ವಾರದ ಒಂದು ದಿನ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದಿರಲಿ.

ತಾಟಿನ ಲೆಕ್ಕ

ಬದನೆಕಾಯಿ ವಾಯು, ಆಲೂಗಡ್ಡೆ ವಾಯು ಎಂದು ಒಂದೊಂದನ್ನೇ ಬಿಡುತ್ತ ಹೋದರೆ ತಾಟಿನಲ್ಲಿ ಉಳಿಯುವುದು ಉಪ್ಪಿನಕಾಯಿ ಮಾತ್ರ. ಸವೆತದ ನೋವಿಗೆ ತರಕಾರಿ ಕಾರಣವಲ್ಲ, ತೂಕ ಒಂದು ದೊಡ್ಡ ಕಾರಣ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಎಣ್ಣೆಗಾಯಿ ತಿನ್ನಿ, ಎಣ್ಣೆ ಕಡಿಮೆ ಮಾಡಿ, ಪೇಢೆ ಹಬ್ಬಕ್ಕಿರಲಿ. ಗೌಟ್ ಇರುವವರು ಮದ್ಯ, ಕಲೇಜಿ, ಸಿಹಿ ತಂಪುಪಾನೀಯ ದೂರವಿಡಬೇಕು.

ಇಷ್ಟಾದರೂ ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಾದರೆ ಮೂಳೆತಜ್ಞರ ಬಳಿ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು. ಎಕ್ಸ್‌ರೇಯಲ್ಲಿ ಸವೆತ ಕಂಡಿತೆಂಬ ಒಂದೇ ಕಾರಣಕ್ಕೆ ಕೀಲು ಬದಲಿಸಬೇಕಾಗಿಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿದೆ, ಆದ್ದರಿಂದ ಬಿಲ್ಲಿನಲ್ಲಿ ಇಂಪ್ಲಾಂಟಿನ ದರವನ್ನು ಬೇರೆಯಾಗಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಏನೇನು ಸೌಲಭ್ಯ ಸಿಗುತ್ತದೆ ಎಂದು ಭರ್ತಿಯಾಗುವ ಮೊದಲೇ ಕೇಳಿ. ತೊಡೆಯ ವ್ಯಾಯಾಮವನ್ನು ಆಪರೇಷನ್ನಿಗೆ ಮುಂಚೆಯೂ, ಆದ ಮೇಲೂ ಮಾಡಲೇಬೇಕು.