ಭಾಷಣಕ್ಕೆ ನಿಂತಾಗ ಕೈ ಎಲ್ಲಿಡುವುದು?

ಶಿರಸಿ ಹತ್ತಿರದ ಒಂದು ಶಾಲೆಯ ವಾರ್ಷಿಕೋತ್ಸವ. ನನಗೆ ಐದು ನಿಮಿಷದ ಭಾಷಣ. ಮಾತೆಲ್ಲ ಬಾಯಿಪಾಠ ಆಗಿತ್ತು. ಆದರೆ ಕೈಯಲ್ಲಿದ್ದ ಹಾಳೆ ಮೈಕಿನೆದುರು ಪಟಪಟ ನಡುಗತೊಡಗಿತು. ಸದ್ದು ಸ್ಪೀಕರಿನಲ್ಲೂ ಬಂತು! ಮುಂದಿನ ಸಾಲಿನ ಮಕ್ಕಳು ನಕ್ಕಿದ್ದು ಇನ್ನೂ ಮರೆತಿಲ್ಲ.

ನಡುಕ ಅಡ್ರಿನಲಿನ್ ಕೆಲಸ, ಹೆದರಿದಾಗ ಮೈಯಲ್ಲಿ ಏರುವ ಹಾರ್ಮೋನ್ ಅದು. ಬೇಡ ಅಂದರೆ ನಿಲ್ಲುವುದಿಲ್ಲ, ಆದರೆ ಮರೆಮಾಡಬಹುದು. ತೆಳು ಹಾಳೆ ಬಿಟ್ಟು ಅಂಗೈ ಅಗಲದ ದಪ್ಪ ಕಾರ್ಡಿನಲ್ಲಿ ಬರೆದುಕೊಳ್ಳಿ. ಹೆಸರು ಕರೆಯುವ ಮುಂಚೆ ಕೂತಲ್ಲೇ ನಾಲ್ಕೈದು ಸಲ ಉಸಿರಾಡಿ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ ಇರಲಿ. ಎದೆಬಡಿತ ಸ್ವಲ್ಪ ಇಳಿಯುತ್ತದೆ.

ಮೈಕ್ ಹತ್ತಿರ ಹೋದ ಕೂಡಲೇ ಶುರು ಮಾಡಬೇಡಿ. ಹಾರ, ಶಾಲು ಹಾಕಿದ್ದರೆ ತೆಗೆದಿಡಿ. ಪಾದಗಳ ನಡುವೆ ಭುಜದಷ್ಟು ಅಂತರ ಬಿಟ್ಟು ನಿಲ್ಲಿ. ಮಂಡಿ ಬಿಗಿ ಹಿಡಿಯಬೇಡಿ. ಹಾಗೆ ತುಂಬಾ ಹೊತ್ತು ನಿಂತರೆ ಕಾಲಿನ ರಕ್ತ ಮೇಲೇರುವುದು ಕಡಿಮೆಯಾಗಿ ತಲೆ ತಿರುಗಬಹುದು.

ಇನ್ನು ಕೈ. ಎಲ್ಲರಿಗೂ ಕಷ್ಟ ಇದೇ ಅಲ್ವಾ? ಪೋಡಿಯಂ ಅಪ್ಪಿಕೊಳ್ಳುವವರು, ಹಿಂದೆ ಕಟ್ಟಿಕೊಳ್ಳುವವರು, ಜೇಬಲ್ಲಿ ಚಿಲ್ಲರೆ ಎಣಿಸುವವರು. ಕನ್ನಡಿ ಮುಂದೆ ಕೈಬೀಸಿ ಕಲಿಯುವುದನ್ನು ನಾನಂತೂ ಹೇಳುವುದಿಲ್ಲ. ಅದು ಕವಾಯತಿನ ಹಾಗೆ ಕಾಣುತ್ತದೆ. ಬದಲಿಗೆ, ನಮ್ಮ ಕಡೆಯ ತೆಳು ಸಿಹಿತಿಂಡಿ ತೊಡೆದೇವನ್ನು ನೋಡಿಯೇ ಇರದ ಒಬ್ಬರಿಗೆ ಅದನ್ನು ಮಾಡುವುದು ಹೇಗೆ ಅಂತ ವಿವರಿಸಿ. ಬೋರಲು ಹಾಕಿದ ಮಡಕೆ, ಅದರ ಮೇಲೆ ಹಿಟ್ಟು ಬಳಿಯುವುದು, ಬೆಂದ ಹಾಳೆ ಎಬ್ಬಿಸಿ ಮಡಚುವುದು, ಎಲ್ಲವನ್ನೂ ನಿಮ್ಮ ಕೈ ತಾನಾಗಿಯೇ ತೋರಿಸುತ್ತದೆ. ಕಾರವಾರ ಕಡೆಯವರಾದರೆ ಬೀಸುಬಲೆ ಎಸೆಯುವುದನ್ನು ಹೇಳಿ. ಗಮನಿಸಿ, ಬಾಯಿಗೆ ಮಾತು ಬರುವ ಒಂದು ಚೂರು ಮೊದಲೇ ಕೈ ಎದ್ದಿರುತ್ತದೆ. ಮಾತು ಹೇಳಿಯಾದ ಮೇಲೆ ಕೈ ಎದ್ದರೆ ಅದು ನಾಟಕ. ಅದೇ ಕೈಯನ್ನು ವೇದಿಕೆಗೂ ಕರೆದುಕೊಂಡು ಹೋಗಿ. ಸೊಂಟಕ್ಕೂ ಎದೆಗೂ ನಡುವೆ ಆಡಲಿ. ಕೆಲಸ ಇಲ್ಲದಾಗ ಸುಮ್ನೆ ಪಕ್ಕದಲ್ಲಿ ಇರಲಿ.

ಯಕ್ಷಗಾನ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ನಮ್ಮೂರ ತಾಳಮದ್ದಳೆಯನ್ನೂ ಒಮ್ಮೆ ಈ ಕಣ್ಣಿನಿಂದ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಪಾತ್ರದ ಮಾತಾಡುವ ಅರ್ಥಧಾರಿ ಕೂತೇ ಇರುತ್ತಾರೆ. ಕತ್ತು ಎದುರಾಳಿ ಕಡೆ ತಿರುಗಿದರೆ ಸಾಕು, ಸಭೆ ನೆಟ್ಟಗೆ ಕೂರುತ್ತದೆ.

ಕಣ್ಣು ಫ್ಯಾನಿನ ಹಾಗೆ ತಿರುಗುವುದು ಬೇಡ. ಒಂದು ಮುಖಕ್ಕೆ ಒಂದು ವಾಕ್ಯ ಪೂರ್ತಿ ಹೇಳಿ, ಆಮೇಲೆ ಇನ್ನೊಬ್ಬರು. ಹಿಂದಿನ ಸಾಲನ್ನೂ ಬಿಡಬೇಡಿ.

‘ಮಾತಿನ ಪಾಲು ಶೇ 7 ಮಾತ್ರ, ಉಳಿದದ್ದು ದನಿ ಮತ್ತು ದೇಹಭಾಷೆ’ ಎಂದು ತರಬೇತಿಯವರು ಹೇಳುವುದುಂಟು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಅವು ಇಷ್ಟ, ಅನಿಷ್ಟದಂಥ ಭಾವನೆಯ ಬಗ್ಗೆ ಮಾಡಿದ್ದು, ಭಾಷಣದ ಬಗ್ಗೆ ಅಲ್ಲ. ಹೇಳಲು ವಿಷಯ ಇಲ್ಲದಿದ್ದರೆ ಕೈ ಎಷ್ಟು ಬೀಸಿದರೂ ಗಾಳಿಯೇ.

ಮುಗಿದ ಮೇಲೆ ಓಡಬೇಡಿ. ಎರಡು ಕ್ಷಣ ನಿಂತು, ನಮಸ್ಕಾರ ಮಾಡಿ ಇಳಿಯಿರಿ. ಗಡಿಬಿಡಿಯಲ್ಲಿ ಮೈಕನ್ನೂ ಕೈಯಲ್ಲೇ ಹಿಡಿದು ಇಳಿದವರನ್ನು ನೋಡಿದ್ದೇನೆ, ವೈರು ಎಳೆದಾಗಲೇ ಅವರಿಗೆ ಗೊತ್ತಾಗಿದ್ದು.