ಲೈಬ್ರರಿ ಮೇಜಿನ ಮೇಲೆ ಮಿಂಚುಹುಳ ಹೊತ್ತಿಸುವುದು ಹೇಗೆ?

ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ಎಂದರೆ ಹೆಡ್‌ಮಾಸ್ಟರ್ ಕೋಣೆಯ ಬೀಗ ಹಾಕಿದ ಬೀರು. ಮೊದಲು ಆ ಬೀಗ ತೆಗೆಸಿ. ಕಾರ್ಡಿನ ಮೇಲೆ ಬರೆದ ಮಿಂಚುಹುಳದ ಬಾಲದಲ್ಲಿ ಪುಟ್ಟ ದೀಪ ಹೊತ್ತಿಸುವ ಈ ಪ್ರಯೋಗಕ್ಕೆ ಒಂದು ಮೇಜು ಸಾಕು, ನೀರೂ ಬೇಡ, ಬೆಂಕಿಯೂ ಬೇಡ.

ಬೇಕಾದ್ದು: ಡ್ರಾಯಿಂಗ್ ಶೀಟು, ತಾಮ್ರದ ಟೇಪು, ಹಳದಿ ಎಲ್‌ಇಡಿ (ಎರಡು ಕಾಲಿನ ಪುಟ್ಟ ದೀಪ), ನಾಣ್ಯದಂಥ ಸಿಆರ್2032 ಬಟನ್ ಸೆಲ್, ಸೆಲ್ಲೋ ಟೇಪು, ಬೈಂಡರ್ ಕ್ಲಿಪ್ಪು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ರೆಡಿಮೇಡ್ ಕಿಟ್ ಕೊಳ್ಳಬೇಡಿ, ಸುಮ್ನೆ ಡಬ್ಬಿಗೆ ದುಡ್ಡು.

ಮಕ್ಕಳು ಕೀಟಗಳ ಪುಸ್ತಕ ಓದಲಿ, ಮಿಂಚುಹುಳದ ಚಿತ್ರ ಬರೆಯಲಿ. ಇದಕ್ಕೆ ನಿಮ್ಮ ಸಹಾಯ ಬೇಕಿಲ್ಲ.

ತಾಮ್ರದ ಟೇಪು ಅಂಟಿಸುವ ಮೊದಲು ಎಲ್‌ಇಡಿಯನ್ನು ಸೆಲ್ಲಿನ ಮೇಲೆ ಸವಾರಿ ಕೂರಿಸಿ ನೋಡಿ. ಉದ್ದ ಕಾಲು ಪ್ಲಸ್ ಕಡೆಗೆ. ಹೊತ್ತಿಕೊಂಡರೆ ಉದ್ದ ಕಾಲಿನ ತುದಿಯನ್ನು ಸುರುಳಿ ಸುತ್ತಿಬಿಡಿ, ಆಮೇಲೆ ಗೊಂದಲ ಇರುವುದಿಲ್ಲ. ಸೆಲ್ 3 ವೋಲ್ಟಿನದು. ಕೆಂಪು, ಹಳದಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ, ಬಿಳಿಗೆ 3ರ ಹತ್ತಿರ ಬೇಕು. ಒಂದೇ ಕಾರ್ಡಿಗೆ ಕೆಂಪು, ನೀಲಿ ಎರಡನ್ನೂ ಅಕ್ಕಪಕ್ಕ ಜೋಡಿಸಿದರೆ ಕೆಂಪೇ ಕರೆಂಟೆಲ್ಲ ನುಂಗುತ್ತದೆ.

ಈಗ ದಾರಿ. ಕಾರ್ಡಿನ ಒಂದು ಮೂಲೆಯಲ್ಲಿ ಸೆಲ್ಲಿಟ್ಟು ಸುತ್ತ ಗೆರೆ ಎಳೆಯಿರಿ. ಆ ವೃತ್ತದ ಒಳಗಿನಿಂದ ಹುಳದ ಬಾಲದವರೆಗೆ ಒಂದು ತಾಮ್ರದ ಟೇಪು. ಬಾಲದ ಇನ್ನೊಂದು ಬದಿಯಿಂದ ಕಾರ್ಡಿನ ಮೂಲೆಯ ತುದಿಗೆ ಇನ್ನೊಂದು. ಆ ಮೂಲೆಯನ್ನು ಸೆಲ್ಲಿನ ಮೇಲೆ ಮಡಚಿದರೆ ಸ್ವಿಚ್ಚು ತಯಾರು. ಎರಡು ಟೇಪು ಒಂದಕ್ಕೊಂದು ತಾಗಬಾರದು.

ಹತ್ತರಲ್ಲಿ ಎಂಟು ಕಾರ್ಡು ಕೈಕೊಡುವುದು ಟೇಪು ತಿರುಗುವ ಕಡೆ. ಮಕ್ಕಳಿರಲಿ, ಮೇಷ್ಟ್ರುಗಳೂ ಅಲ್ಲಿ ಕತ್ತರಿಸಿ ಹೊಸ ತುಂಡು ಅಂಟಿಸುತ್ತಾರೆ. ನೋಡಲು ಚೆಂದ, ಆದರೆ ಅಗ್ಗದ ಟೇಪಿನ ಗೋಂದಿನಲ್ಲಿ ಕರೆಂಟು ಹರಿಯುವುದಿಲ್ಲ. ಕತ್ತರಿ ಪಕ್ಕಕ್ಕಿಡಿ. ಎಡಕ್ಕೆ ತಿರುಗಬೇಕೇ? ಟೇಪನ್ನು ಮೊದಲು ಬಲಕ್ಕೆ ಮಡಚಿ, ಗೋಂದು ಮೇಲೆ ಬರುತ್ತದೆ. ಮಡಿಕೆಯನ್ನು ಉಗುರಿನಿಂದ ತೀಡಿ. ಈಗ ಅದನ್ನೇ ಎಡಕ್ಕೆ ಮಗುಚಿ ಒತ್ತಿ. ಮೂಲೆಯಲ್ಲಿ ಸಣ್ಣ ತ್ರಿಕೋನ ಕಂಡರೆ ಸರಿ ಮಾಡಿದ್ದೀರಿ. ಹಿಂಬದಿಯ ಕಾಗದವನ್ನು ಒಟ್ಟಿಗೇ ಕೀಳಬೇಡಿ, ಬೆರಳಿಗೆಲ್ಲ ಸುತ್ತಿಕೊಳ್ಳುತ್ತದೆ. ಅಡುಗೆಮನೆಯ ಫಾಯಿಲ್ಲಿನಲ್ಲೂ ಆಗುತ್ತದೆ, ಆದರೆ ಮಡಿಕೆಯಲ್ಲಿ ತುಂಡಾಗುತ್ತದೆ. ನನಗಂತೂ ಅದರ ಸಹವಾಸ ಬೇಡ.

ಎಲ್‌ಇಡಿ ಕಾಲುಗಳನ್ನು ಅಗಲಿಸಿ, ತಾಮ್ರದ *ಮೇಲೆ* ಮಲಗಿಸಿ, ಸೆಲ್ಲೋ ಟೇಪು ಬಿಗಿಯಾಗಿ ಒತ್ತಿ. ಗಿಡ್ಡ ಕಾಲು ವೃತ್ತದ ಕಡೆಯ ಟೇಪಿಗೆ. ಸೆಲ್ಲನ್ನು ಪ್ಲಸ್ ಮೇಲೆ ಬರುವಂತಿಟ್ಟು ಮೂಲೆ ಮಡಚಿ ಕ್ಲಿಪ್ ಹಾಕಿ. ಹೊತ್ತಲಿಲ್ಲವೇ? ಮೊದಲು ಸೆಲ್ ಮಗುಚಿ ನೋಡಿ.

ಮುಗಿದ ಮೇಲೆ ಸೆಲ್ಲುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ, ಒಂದಕ್ಕೊಂದು ತಾಗಿ ಬಿಸಿಯಾಗುತ್ತವೆ. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ಹಾಗಾಗಿ ಪುಟ್ಟ ಮಕ್ಕಳ ಕೈಗೆ ಕೊಡಲೇಬೇಡಿ. ದೊಡ್ಡ ಮಕ್ಕಳಿಗೂ ಪುಸ್ತಕ ಕೊಟ್ಟಂತೆ ರಿಜಿಸ್ಟರಿನಲ್ಲಿ ಬರೆದು ಕೊಡಿ, ಬೆಲ್ ಹೊಡೆಯುವ ಮೊದಲು ಎಣಿಸಿ ವಾಪಸ್ ತೆಗೆದುಕೊಳ್ಳಿ.